ಎನೆಲೆಸಿ ತಟ್ಟಿದ ಚಪ್ಪಾಳೆ

ಅತ್ತೆ, ಆಮೇಲೆ ಗಂಡ, ಈಗ ಮಗಳು. ಎನೆಲೆಸಿಯ ಆಯಸ್ಸೆಲ್ಲ ಯಾರದೋ ಮಂಚದ ಪಕ್ಕದಲ್ಲೇ ಸವೆಯಿತು. ಮಗಳು ಲಿನೆಸಿ ಬೆನ್ನುಮೂಳೆಯ ಕ್ಷಯದಿಂದ ಮಳೆಗಾಲದಿಂದಲೂ ವಾರ್ಡಿನಲ್ಲಿ ಮಲಗಿದ್ದಳು. ಆಸ್ಪತ್ರೆಯವರು ಕೊಡೋದು ಬೆಳಗಿನ ಗಂಜಿ ಅಷ್ಟೇ. ಉಳಿದದ್ದನ್ನು ರೋಗಿಯ ಕಡೆಯವರು ಬೇಯಿಸಿ ಒಯ್ಯಬೇಕು. ಅದಕ್ಕೆಂದೇ ಒಂದು ಧರ್ಮಸಂಸ್ಥೆ ಆಸ್ಪತ್ರೆಯ ಹಿಂದೆ ತಂಗುಮನೆ ಕಟ್ಟಿಸಿತ್ತು. ನನ್ನ ಅಕ್ಕನೂ ಅದೇ ವಾರ್ಡಿನಲ್ಲಿದ್ದಳು; ನಾನೂ ಎನೆಲೆಸಿಯೂ ಅಲ್ಲಿ ಒಂದೇ ಒಲೆಯವರು.

ಆ ಸಂಸ್ಥೆಯವರು ಮುಂದಿನ ಐದು ವರ್ಷದ ಯೋಜನೆ ಹಾಕ್ತಿದ್ದರು. ಹೊರಗಿನವರ ಮಾತೂ ಕೇಳಬೇಕು ಅಂತ ನಮ್ಮನ್ನೂ ಕರೆದರು. ಸಭೆ ನಡೆಸೋಕೆ ಬಂದವಳು ಸ್ಕಾಟ್ಲೆಂಡಿನ ಮೊರಾಗ್ ಮೇಡಂ. ನಮ್ಮ ಚಿಚೇವಾ ಭಾಷೆ ಚೆನ್ನಾಗೇ ಆಡ್ತಾಳೆ, ಪುಣ್ಯಾತ್ಗಿತ್ತಿ! ಆದರೆ ನಮ್ಮೂರಿನ ಮುಖ್ಯಸ್ಥರನ್ನೂ ಅದೇ ಸಭೆಗೆ ಕರೆದು ಕುರ್ಚಿ ಹಾಕಿಸಿದಳಲ್ಲ, ಏನು ಹೇಳೋಣ. ನಾವು ಕೆಳಗೆ ಚಾಪೆ ಮೇಲೆ.

"ತಂಗುಮನೆ ಹಳೇದಾಯ್ತು. ಅದನ್ನ ತೆಗೆದು ಹುಡುಗರಿಗೆ ಕಂಪ್ಯೂಟರ್ ಕಲಿಸಿ" ಅಂದರು ಮುಖ್ಯಸ್ಥರು.

ತಂಗುಮನೆ ಹೋದರೆ ನಾವು ಬೇಯಿಸೋದೆಲ್ಲಿ? ಆದರೂ ಮುಖ್ಯಸ್ಥರು ಮಾತು ಮುಗಿಸಿದರೆ ಹೆಂಗಸರು ತಲೆಬಗ್ಗಿಸಿ ಕೈ ತಟ್ಟಬೇಕು, ಒಪ್ಪಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ತಟ್ಟಿದೆವು. ಎನೆಲೆಸಿಯೂ ತಟ್ಟಿದಳು. ಎಲ್ಲರೂ ಒಪ್ಪಿದರು ಅಂತ ಮೇಡಂ ನಗುನಗುತ್ತಾ ಸಭೆ ಮುಗಿಸಿದಳು.

"ಬಾಯಿಗೆ ಏನು ಬೀಗ ಹಾಕ್ಕೊಂಡಿದ್ಯೇನೇ?" ಅಂತ ನಾನು ಎನೆಲೆಸಿಗೆ ರೇಗಿದೆ.

"ನೀನ್ಯಾವ ಬಾಯಿ ತೆಗೆದೆ, ಮಹಾತಾಯಿ?"

ಇಬ್ಬರೂ ಮೇಡಂನ ಗಾಡಿ ಹತ್ತಿರ ಓಡಿದೆವು.

"ಆ ಚಪ್ಪಾಳೆ ದೊಡ್ಡವರ ಮರ್ಯಾದೆಗೆ ತಾಯೀ. ತಂಗುಮನೆ ಹೋದ್ರೆ ನನ್ ಮಗಳಿಗೆ ಅನ್ನ ಇಲ್ಲ" ಅಂದಳು ಎನೆಲೆಸಿ.

ಮೇಡಂ ಮುಖ ಸಪ್ಪಗಾಯಿತು. "ಹಾಗಾದ್ರೆ ನಾಳೆ ಇನ್ನೊಂದು ಸಭೆ ಕರೀತೀನಿ. ಇದೇ ಮಾತು ಅವರ ಮುಂದೆ ಹೇಳಿಬಿಡಮ್ಮ."

ಅಯ್ಯೋ ದೇವರೇ! ಮುಖ್ಯಸ್ಥರ ಮುಂದೆ ಹೆಂಗಸು ಇಲ್ಲ ಅನ್ನೋದುಂಟೇ? ಊರಲ್ಲಿ ಎನೆಲೆಸಿಯ ಗುಡಿಸಲು, ಹೊಲ ಎಲ್ಲ ಅವರ ಕೃಪೆ. "ಅದು ನನ್ನಿಂದಾಗಲ್ಲ ತಾಯೀ" ಅಂದು ಅವಳು ಗಾಡಿಯಿಂದ ಹಿಂದೆ ಸರಿದಳು. ನಾನೂ ಅವಳ ಜೊತೆಗೇ ಹಿಂದೆ ಸರಿದೆ. ನಾಳೆಯ ಸಭೆ ನಡೆಯಲಿಲ್ಲ.

ತಂಗುಮನೆಗೆ ಬೀಗ ಬಿತ್ತು. ಎನೆಲೆಸಿ ಕಾಂಪೌಂಡಿನ ಹೊರಗೆ ಮೂರು ಕಲ್ಲಿಟ್ಟು ನ್ಸಿಮಾ ಮುದ್ದೆ ತಿರುವುತ್ತಿದ್ದರೆ ಆಸ್ಪತ್ರೆಯ ಕಾವಲುಗಾರ ಬಂದು, ಇಲ್ಲಿ ಒಲೆ ಹಚ್ಚೋ ಹಾಗಿಲ್ಲ ಅಂತ ಬೆಂಕಿಗೆ ನೀರು ಸುರಿದ. ಆ ಸಂಜೆ ಬರಿಗೈಲಿ ವಾರ್ಡಿಗೆ ಹೋದೆವು.

"ಊರವರೇ ಒಪ್ಪಿ ಮುಚ್ಚಿಸಿದ್ರಂತೆ, ನರ್ಸಮ್ಮ ಹೇಳಿದ್ರು" ಅಂದಳು ಲಿನೆಸಿ. "ಯಾರವ್ವಾ ಅವರು?"

ಎನೆಲೆಸಿ ಮಗಳ ಕಾಲು ಒತ್ತುತ್ತಾ ಕೂತಳು. "ನಾನೇ ಮಗಾ" ಅಂದಳು.