ಚಿತ್ರದಲ್ಲಿದ್ದ ಕಾಲು

ಔಗ್ಸ್‌ಬರ್ಗ್ ಊರಾಚೆಯ ಕಣದ ಅಂಚಿನಲ್ಲಿ ಎರಡು ಚಟ್ಟ ಸಿದ್ಧವಾಗಿದ್ದವು. ಒಂದು ತೊಗಲು ಹದಮಾಡುವ ಕಾಸ್ಪರನಿಗೆ, ಇನ್ನೊಂದು ಸರದಾರನ ಬಂಟ, ಕಾಸ್ಪರನ ಮೇಲೆ ಕಳ್ಳತನ ಹೊರಿಸಿದ್ದ ಯೋರ್ಗನಿಗೆ. ಬರಿಗೈಯಲ್ಲಿ ಸೆಣಸಿ ಗೆದ್ದವನ ಮಾತೇ ಸತ್ಯವೆಂದು ಪಂಚರು ತೀರ್ಮಾನಿಸಿದ್ದರು.

ಮೂವತ್ತು ವರ್ಷ ಕುಸ್ತಿ ಕಲಿಸಿದ ಕಾಸ್ಪರನಿಗೆ ಈಗ ಮಂಡಿನೋವು.

"ಏನಯ್ಯಾ ಮುದುಕ, ನಿನ್ ಪಟ್ಟೆಲ್ಲಾ ನಮ್ ಧಣಿ ಬರೆಸಿರೋ ಕುಸ್ತಿ ಚಿತ್ರದ ಪುಸ್ತಕದಲ್ಲೇ ಐತೆ. ಒಂದೂ ಬಿಡ್ದೆ ಕಲ್ತಿದೀನಿ!" ಎಂದು ಯೋರ್ಗ್ ಕೆಣಕಿದ.

"ಕಲ್ತಿದ್ರೆ ಬಾ. ಬಾಯಲ್ಲೇ ಯಾಕೋ ಕುಸ್ತಿ ಆಡ್ತೀಯ?"

ಯೋರ್ಗ್ ನುಗ್ಗಿ ಸೊಂಟ ತಬ್ಬಿದ. ಕಾಸ್ಪರನ ಪಕ್ಕೆಲುಬು ಲಟಕ್ಕೆಂದಿತು, ಉಸಿರು ಸಿಕ್ಕಿಕೊಂಡಿತು. ಅವನನ್ನು ಹಿಂದಕ್ಕೆ ಕೆಡವಲು ಯೋರ್ಗ್ ಬಲಗಾಲು ಚಾಚಿದ. ಆದರೆ ಕಾಸ್ಪರನ ಹಿಮ್ಮಡಿಯ ಹಿಂದೆ ಹೋಗಬೇಕಿದ್ದ ಆ ಕಾಲು, ಪುಸ್ತಕದ ಚಿತ್ರದಲ್ಲಿದ್ದಂತೆಯೇ, ಮುಂದೆ ಬಂದು ನಿಂತಿತು.

ಹನ್ನೆರಡು ವರ್ಷದ ಹಿಂದೆ ಆ ಚಿತ್ರಕ್ಕೆ ನಿಂತಿದ್ದವನು ಕಾಸ್ಪರನೇ. "ಹಿಂದೆ ಇಟ್ರೆ ಕಾಲೇ ಕಾಣಲ್ಲ, ಮುಂದಕ್ಕಿಡಯ್ಯ" ಎಂದು ಚಿತ್ರಕಾರ ಹಟ ಹಿಡಿದಿದ್ದ. ತನ್ನ ಪಟ್ಟನ್ನು ಕೆಡಿಸಿದನೆಂದು ಕಾಸ್ಪರ್ ಅಂದಿನಿಂದ ಅವನ ಮುಖ ನೋಡಿರಲಿಲ್ಲ.

ಕಾಸ್ಪರ್ ಆ ಕಾಲನ್ನು ಬಾಚಿ ಎತ್ತಿದ. ಯೋರ್ಗ್ ಅಂಗಾತ ಬಿದ್ದ. ಮುದುಕ ಎದೆಯ ಮೇಲೆ ಮಂಡಿಯೂರಿ ಅವನ ತೋಳು ತಿರುಚಿದ.

"ಬಿಡೋ! ಸುಳ್ಳು ಹೇಳ್ದೆ, ಒಪ್ಕೊಂಡೆ!"

ಜನ ಹೋ ಎಂದು ಕೂಗಿದರು. ಕಾಸ್ಪರ್ ಕುಂಟುತ್ತಾ ಎದ್ದು, ಗುಂಪಿನ ಹಿಂದೆ ಬೆವರುತ್ತಾ ನಿಂತಿದ್ದ ಚಿತ್ರಕಾರನನ್ನು ಹುಡುಕಿ, ಕಣದ ಅಂಚಿನಲ್ಲಿ ಬಿಟ್ಟಿದ್ದ ತನ್ನ ಟೊಪ್ಪಿಯನ್ನು ಎದೆಗೊತ್ತಿ ಅವನಿಗೆ ತಲೆಬಾಗಿದ.