ತೋಳಿನ ಪಟ್ಟಿಗೆ ಸಿಗದ ಒತ್ತಡ

ರಕ್ತದೊತ್ತಡವೆಂದರೆ ತೋಳಿಗೆ ಪಟ್ಟಿ ಸುತ್ತಿ ಅಳೆಯುವುದೆಂದೇ ಲೋಕದ ತಿಳಿವಳಿಕೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿಯೂ ಒತ್ತಡ ಏರಬಹುದು, ಅದು ಆ ಪಟ್ಟಿಗೆ ಸಿಗದು, ಉಬ್ಬಸದ ವೇಷ ತೊಟ್ಟು ವೈದ್ಯರ ಕಣ್ಣಿಗೇ ಮಣ್ಣೆರಚಬಲ್ಲದು ಎಂಬುದನ್ನು ನಮ್ಮ ಆಸ್ಪತ್ರೆಗೆ ಮನಗಾಣಿಸಿದವರು, ಮೂವತ್ತಮೂರು ವರ್ಷಗಳ ಸೇವೆಯ ಬಳಿಕ ಈಗ ನಿವೃತ್ತರಾಗುತ್ತಿರುವ ನಮ್ಮ ಹೃದ್ರೋಗ ವಿಭಾಗದ ಮುಖ್ಯಸ್ಥೆ. ಶಿಷ್ಯರಾದ ನಮಗೆ ಅವರು ‘ಮೆಟ್ಟಿಲು ಮೇಡಂ’. ಉಸಿರು ಕಟ್ಟುತ್ತದೆ ಎಂದವರನ್ನು ಮಲಗಿಸಿ ಪರೀಕ್ಷಿಸಿದರೆ ಅವರಿಗೆ ಸಮಾಧಾನವಿಲ್ಲ. ಜೊತೆಯಲ್ಲಿ ತಾವೂ ಮಹಡಿ ಹತ್ತಿ, ಎಷ್ಟನೆಯ ಮೆಟ್ಟಿಲಲ್ಲಿ ಮಾತು ತುಂಡಾಯಿತೆಂದು ಬರೆದುಕೊಳ್ಳಬೇಕು.

ಅವರು ಸೇವೆಗೆ ಸೇರಿದಾಗ, ಶಬ್ದತರಂಗಗಳಿಂದ ಹೃದಯದ ಚಿತ್ರ ತೆಗೆಯುವ ಎಕೋ ಕೋಣೆ ಬಟ್ಟೆ ಒಗೆಯುವ ವಿಭಾಗದ ಪಕ್ಕದಲ್ಲಿತ್ತು. ಇದ್ದ ಒಂದೇ ಯಂತ್ರ ಮಧ್ಯಾಹ್ನದ ಮೇಲೆ ಹೆರಿಗೆ ವಾರ್ಡಿನ ಪಾಲು. ಆ ಅರ್ಧ ದಿನದಲ್ಲೇ ಅವರು, ಶ್ವಾಸಕೋಶಕ್ಕೆ ರಕ್ತ ದೂಡುವ ಹೃದಯದ ಬಲಭಾಗವನ್ನು ಓದುವ ವಿದ್ಯೆ ಕರಗತ ಮಾಡಿಕೊಂಡರು.

ನಾನು ಅವರ ಕೈಕೆಳಗೆ ಸೇರಿದ ಎರಡನೆಯ ವರ್ಷ ಮೂವತ್ತನಾಲ್ಕರ ಬಸ್ ಕಂಡಕ್ಟರ್ ಒಬ್ಬಾಕೆ ಬಂದರು. ಎರಡು ವರ್ಷದಿಂದ ಉಬ್ಬಸದ ಔಷಧಿ ಸೇದಿಯೂ ಗುಣವಿರಲಿಲ್ಲ. ಎದೆಯ ಸದ್ದು ಸರಿ, ಎಕ್ಸ್‌ರೇ ಸರಿ, ತೋಳಿನ ಒತ್ತಡವೂ ಸರಿ. ನಾನು ಚೀಟಿಯಲ್ಲಿ ‘ಆತಂಕ’ ಎಂದು ಬರೆದು ಕೈತೊಳೆದುಕೊಂಡೆ. ಜೊತೆಗಿದ್ದ ಅಣ್ಣ ಎದ್ದು ನಿಂತ.

“ಡಾಕ್ಟ್ರೇ, ನನ್ನ ತಂಗಿ ಮೈಗಳ್ಳಿ ಅಲ್ಲ!”

ಹೊರಗೆ ಹಾದುಹೋಗುತ್ತಿದ್ದ ಮೇಡಂ ಒಳಬಂದರು. “ಕೂತ್ಕೊಳ್ಳಮ್ಮ. ಯಾವಾಗ ಜಾಸ್ತಿ ಆಗತ್ತೆ?”

“ಟಿಕೆಟ್ ಕೊಡ್ತಾ ಹಿಂದಿನ ಸೀಟಿಗೆ ಹೋಗೋಷ್ಟರಲ್ಲಿ ಕಣ್ಣು ಕತ್ತಲೆ ಬರತ್ತೆ. ಹೋದ ವಾರ ಬಿದ್ದೇಬಿಟ್ಟೆ.”

ಇಬ್ಬರೂ ಮಹಡಿಯತ್ತ ನಡೆದರು. ಹನ್ನೊಂದನೆಯ ಮೆಟ್ಟಿಲಲ್ಲಿ ಆಕೆಯ ತುಟಿ ನೀಲಿಗಟ್ಟಿತು. ಎಕೋದಲ್ಲಿ ಹೃದಯದ ಬಲಭಾಗ ಉಬ್ಬಿ ಎಡಭಾಗವನ್ನು ಒತ್ತುತ್ತಿತ್ತು. ನಾಚಿಕೆಯನ್ನು ಅವಸರದಲ್ಲಿ ಮುಚ್ಚಿಕೊಳ್ಳುತ್ತ ನಾನೆಂದೆ, “ಸಿಕ್ಕಿತಲ್ಲ ಮೇಡಂ, ಒತ್ತಡದ ಮಾತ್ರೆ ಶುರುಮಾಡೋಣ.”

“ಎಕೋ ಹೇಳೋದು ಅಂದಾಜು ಕಣಪ್ಪ. ಒತ್ತಡ ಇದೆ ಅನ್ನೋದು ಅರ್ಧ ಉತ್ತರ. ಯಾಕಿದೆ?”

ಶ್ವಾಸಕೋಶದಲ್ಲಿ ಗಾಳಿ ಎಲ್ಲೆಲ್ಲಿ ಹೋಗುತ್ತದೆ, ರಕ್ತ ಎಲ್ಲೆಲ್ಲಿ ಹೋಗುತ್ತದೆ ಎಂದು ಹೋಲಿಸಿ ತೋರುವ ಸ್ಕ್ಯಾನ್ ನಮ್ಮಲ್ಲಿರಲಿಲ್ಲ. ಮೇಡಂ ಮೂರು ಆಸ್ಪತ್ರೆಗಳಿಗೆ ಫೋನು ಮಾಡಿ, ತಮ್ಮ ರಜೆಯ ದಿನ ಆಕೆಯೊಡನೆ ಆಂಬುಲೆನ್ಸಿನಲ್ಲಿ ತಾವೇ ಹೋದರು. ಗಾಳಿ ಎಲ್ಲೆಡೆ ತಲುಪಿತ್ತು. ರಕ್ತ ಮಾತ್ರ ಅಲ್ಲಲ್ಲಿ ಕಾಣೆಯಾಗಿತ್ತು. ಹಳೆಯ ಹೆಪ್ಪುಗಳು ನಾಳಗಳನ್ನು ಮುಚ್ಚಿದ್ದವು. ಬಳಿಕ ರಕ್ತನಾಳದ ಮೂಲಕ ಸಪೂರ ಕೊಳವೆ ಇಳಿಸಿ ನೇರವಾಗಿ ಅಳೆದರು: ಸರಾಸರಿ ಇಪ್ಪತ್ತನ್ನು ಮೀರಬಾರದ ಒತ್ತಡ ಐವತ್ತೆರಡಿತ್ತು. ಕಾರಣ ತಿಳಿದದ್ದರಿಂದ ದಾರಿಯೂ ತೆರೆಯಿತು. ದೊಡ್ಡ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಹೆಪ್ಪುಗಳನ್ನು ತೆಗೆದರು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಬಾಳಿಡೀ ನುಂಗಬೇಕಾದರೂ, ಎಂಟು ತಿಂಗಳಿಗೆ ಆಕೆ ಮತ್ತೆ ಬಸ್ಸು ಹತ್ತಿದರು.

ವಿಭಾಗದ ಸಭೆಯಲ್ಲಿ ಈ ಪ್ರಕರಣ ಚರ್ಚೆಗೆ ಬಂದ ದಿನ ‘ಆತಂಕ’ ಎಂದು ನಾನು ಬರೆದ ಚೀಟಿಯೂ ಕಡತದಲ್ಲಿತ್ತು. ಮೇಡಂ “ಮೊದಲ ದಿನ ನಾವು ತಪ್ಪಿದೆವು” ಎಂದಷ್ಟೇ ಹೇಳಿದರು. ‘ನಾವು’ ಎಂಬ ಆ ಒಂದು ಪದದಲ್ಲಿ ನನ್ನ ಮಾನ ಉಳಿಯಿತು. ಮರುವಾರ ಬೆಳಗಿನ ಎಕೋ ಸಮಯದಲ್ಲಿ ತಮ್ಮ ಪಾಲಿನ ಎರಡು ಗಂಟೆಯನ್ನು ನನಗೆ ಬಿಟ್ಟುಕೊಟ್ಟು, ಹಿಂದೆ ನಿಂತು ಕಲಿಸಿದರು.

ಅವರು ಕಟ್ಟಿದ ಉಸಿರಾಟದ ತೊಂದರೆಯ ವಿಶೇಷ ಚಿಕಿತ್ಸಾಲಯಕ್ಕೆ ಇಂದು ದೂರದೂರದಿಂದ ಜನ ಬರುತ್ತಾರೆ. ನಿವೃತ್ತಿಯ ನಂತರ ವಾರಕ್ಕೆರಡು ದಿನ ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಎಕೋ ಕಲಿಸುವರಂತೆ. “ನಿವೃತ್ತಿ ಅವಳಿಗೂ ಇಲ್ಲ ರೀ, ಅಡುಗೆಮನೆಯಿಂದ ನನಗೂ ಇಲ್ಲ” ಎಂದು ಅವರ ಯಜಮಾನರು ನಗುತ್ತಾರೆ.

ಪೂಜ್ಯರಿಗೆ ದೀರ್ಘಾಯುಷ್ಯ, ದಣಿವರಿಯದ ಆರೋಗ್ಯ ಲಭಿಸಲಿ. ನಮ್ಮ ವರದಿಗಳ ಮೇಲೆ ಅವರ ಕೆಂಪು ಶಾಯಿ ಇನ್ನೂ ಬಹುಕಾಲ ಬೀಳುತ್ತಿರಲಿ. ಅವರ ಶಿಷ್ಯನೆಂದು ಹೇಳಿಕೊಳ್ಳುವಾಗಲೆಲ್ಲ ನಾನು ನನಗರಿವಿಲ್ಲದೆಯೇ ನೆಟ್ಟಗೆ ನಿಲ್ಲುತ್ತೇನೆ.