ಬದುವಿನ ಆಚೆಗೆ ಓಡಿದ ಹಂದಿ

ಬಸ್ಸಿಳಿದ ಮೊದಲ ದಿನ ನನ್ನನ್ನು ಹೆದರಿಸಿದ್ದು ಆಕಾಶ. ಅಷ್ಟೊಂದು ಆಕಾಶವನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ನಮ್ಮ ಕೊಡಗಿನಲ್ಲಿ ತಲೆಯೆತ್ತಿದರೆ ಒಂದು ಬೆಟ್ಟವೋ ಒಂದು ಮರವೋ ಅಡ್ಡ ಬಂದೇ ಬರುತ್ತದೆ, ಆಕಾಶ ಸಿಗುವುದೇ ತುಂಡು ತುಂಡಾಗಿ. ಇಲ್ಲಿ ಕಪ್ಪು ನೆಲ, ಮೇಲೆ ಬೆಳ್ಳನೆಯ ಬಿಸಿಲು, ನಡುವೆ ಟ್ರಂಕು ಹಿಡಿದು ನಿಂತ ನಾನು. ಹೆಗಲ ಮೇಲೆ ಗೋಣಿಯಲ್ಲಿ ಸುತ್ತಿದ ಅಪ್ಪನ ಕೋವಿ. ಬೇಟೆಯ ಮನೆಯಲ್ಲಿ ಬೆಳೆದವಳಿಗೆ ಮರೆಯೇ ಇಲ್ಲದ ನೆಲದಲ್ಲಿ ನಿಲ್ಲುವುದೆಂದರೆ ಎಷ್ಟು ನಾಚಿಕೆ ಎಂದು ನಿಮಗೆ ಹೇಗೆ ಹೇಳಲಿ!

ಊರಿಂದ ಬರುವ ಕಾಗದಗಳಲ್ಲೆಲ್ಲ ಒಂದೇ ಪ್ರಶ್ನೆ. ಅಲ್ಲಿ ಹೇಗಿದ್ದೀಯ, ಏನು ತಿನ್ನುತ್ತೀಯ, ಯಾವಾಗ ಬರುತ್ತೀಯ? ಒಬ್ಬೊಬ್ಬರಿಗೂ ಬರೆದು ಸಾಕಾಗಿದೆ. ಎಲ್ಲರಿಗೂ ಸೇರಿಸಿ ಒಮ್ಮೆಗೇ ಬರೆಯುತ್ತಿದ್ದೇನೆ, ಓದಿ ಸುಮ್ಮನಿರಿ.

ನಾನು ಸರಕಾರಿ ನರ್ಸ್. ಮೊದಲು ಆಳಂದದಲ್ಲಿ ಆರು ತಿಂಗಳು, ಆಮೇಲೆ ಅಫಜಲಪುರ ತಾಲ್ಲೂಕಿನ, ಭೀಮಾ ದಂಡೆಯ ಈ ಹಳ್ಳಿ. ಸುತ್ತಲಿನ ಐದು ಊರುಗಳ ಹೆರಿಗೆ ನನ್ನ ಕೈಯಲ್ಲಿ. ಬಾಡಿಗೆ ಮನೆ ಕೊಟ್ಟವರು ನೀಲಮ್ಮನವರು. ಗಂಡ ತೀರಿಕೊಂಡ ಮೇಲೆ ನಾಲ್ಕೆಕರೆ ಹೊಲವನ್ನು ತಾವೇ ನಿಂತು ಮಾಡಿಸುವ ಗಟ್ಟಿ ಹೆಂಗಸು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ನಾಲಿಗೆಯಲ್ಲಿ ಮೆಣಸಿನಕಾಯಿ.

“ಮನಿ ಕೊಡ್ತೇನಿ ನರಸಬಾಯಿ,” ಎಂದಿದ್ದರು ಮೊದಲ ದಿನವೇ. “ಆದ್ರ ಖಂಡ, ಮೀನ ಹೊಸ್ತಿಲ ದಾಟಂಗಿಲ್ಲ. ತತ್ತಿ ಸೈತ ಬ್ಯಾಡ.”

ತತ್ತಿ ಎಂದರೆ ಮೊಟ್ಟೆ. ಮೊಟ್ಟೆಯೂ ಇಲ್ಲದ ಮನೆಗೆ ಹಂದಿಕರಿಯ ನಾಡಿನವಳು ಕಾಲಿಟ್ಟೆ! ಅಮ್ಮ ಕಟ್ಟಿಕೊಟ್ಟಿದ್ದ ಕಾಚಂಪುಳಿ ಬಾಟಲಿಯನ್ನು, ಅದೇ ನಮ್ಮ ಹಂದಿಕರಿಗೆ ಹಾಕುವ ಕಪ್ಪು ಹುಳಿಯನ್ನು, ಸೀರೆಗಳ ಅಡಿಗೆ ತಳ್ಳಿದೆ. ಖಡಕ್ ರೊಟ್ಟಿ ಮುರಿದು ಶೇಂಗಾ ಹಿಂಡಿಯಲ್ಲಿ, ಅಂದರೆ ಕಡಲೆಕಾಯಿ ಚಟ್ನಿಪುಡಿಯಲ್ಲಿ, ಅದ್ದಿ ತಿನ್ನುವಾಗ ಒಸಡು ಕಿತ್ತು ರಕ್ತ ಬರುತ್ತಿತ್ತು. ನಮ್ಮಲ್ಲಿ ಅಕ್ಕಿಯ ಕಡುಬು ಹಲ್ಲಿಲ್ಲದವರೂ ತಿನ್ನುವಂಥದ್ದು. ಇಲ್ಲಿಯ ರೊಟ್ಟಿಗೆ ಹಲ್ಲೂ ಬೇಕು, ಹಟವೂ ಬೇಕು. ಒಂದು ವರ್ಷದಲ್ಲಿ ಎರಡೂ ಬಂದವು ಅನ್ನಿ.

ಮಾತಿನದು ಇನ್ನೊಂದು ಕತೆ. ನಾನು ಬಾಯಿ ತೆರೆದರೆ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. “ನಿಮ್ಮ ಕನ್ನಡ ಸಾಲಿ ಪುಸ್ತಕದಂಗ ಅದ್ರಿ,” ಎನ್ನುತ್ತಿದ್ದರು. ಇಲ್ಲಿ ದೊಡ್ಡ ಬೇವಿನ ಮರವೂ ‘ಗಿಡ’ವೇ. ನಾನು ಬಾವಿಗೆ ಹೋಗಲು ಸಂಕೋಚಪಟ್ಟರೆ, “ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು!” ಎಂದು ಕೊಡ ಕೈಗೆ ಕೊಟ್ಟವರೂ ಅವರೇ. ಆದರೂ ಸಂಜೆಯಾದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಾಳಿಗೆ ಹತ್ತುವೆ, ಇಳಿಯುವೆ, ಹೊಳೆಯ ತನಕ ನಡೆಯುವೆ, ತಿರುಗಿ ಬರುವೆ. “ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟೀರೇನ್ರಿ?” ಎಂದು ನೀಲಮ್ಮನವರು ಗದರುತ್ತಿದ್ದರು. ಹತ್ತಲು ಒಂದು ಬೆಟ್ಟವಿದ್ದಿದ್ದರೆ ಅರ್ಧ ಸಂಕಟ ಇಳಿಯುತ್ತಿತ್ತೋ ಏನೋ.

ಹೀಗಿರುವಾಗ ಹಂದಿಗಳು ಬಂದವು.

ನೀಲಮ್ಮನವರ ಹೊಲದ ಒಂದು ಬದಿಗೆ ಗಾಯರಾಣ ಇದೆ. ಗಾಯರಾಣ ಎಂದರೆ ದನ ಮೇಯಲು ಬಿಟ್ಟ ಸರಕಾರಿ ಜಮೀನು. ಹೊಳೆಯ ಕಡೆಗೆ ಇಳಿಯುವ ಕಲ್ಲು ನೆಲ, ಅದರ ತುಂಬ ಜಾಲಿಯ ಪೊದೆ, ಇವರು ‘ಕಂಟಿ’ ಎನ್ನುವುದು. ಕಾಡುಹಂದಿಗಳು ಹಗಲೆಲ್ಲ ಅಲ್ಲಿ ಬಿದ್ದುಕೊಂಡಿದ್ದು, ಕತ್ತಲಾದ ಮೇಲೆ ಬದು ದಾಟಿ ನೀಲಮ್ಮನವರ ಜೋಳಕ್ಕೆ ನುಗ್ಗುತ್ತಿದ್ದವು. ತೆನೆ ಕಟ್ಟಿದ ದಂಟನ್ನು ಕೆಡವಿ ಅಗಿದು ಹೋಗುತ್ತಿದ್ದವು. ಒಂದು ಮುಂಜಾನೆ ಅವರ ಕಣ್ಣಲ್ಲಿ ನೀರು ನೋಡಿದೆ. “ನನ್ನ ಹತ್ತಿರ ಕೋವಿ ಇದೆ, ಅವ್ವಾ,” ಎಂದೆ. ಹಾಗೆನ್ನುವಾಗ ನನ್ನ ಕೈ ಚುರುಗುಟ್ಟುತ್ತಿತ್ತು. ಅವರ ಮೇಲಿನ ಕನಿಕರದಿಂದ ಮಾತ್ರವೇ ಅಲ್ಲ, ಸುಳ್ಳು ಯಾಕೆ ಹೇಳಲಿ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, “ಗಾಯರಾಣದಾಗ ಏನರ ಮಾಡ್ಕೋರಿ. ನನ್ನ ಹೊಲದಾಗ ಒಂದ ಹನಿ ರಕ್ತ ಬೀಳಬಾರದು,” ಎಂದರು. “ಹೊಲ ಈಗ ಬಸುರಿ ಅದ. ನನ್ನ ಶಾಂತಾನೂ ಬಸುರಿ ಅದಾಳ. ತಿಳೀತಿಲ್ಲೋ?”

ತಿಳಿಯಿತು, ಅರ್ಧ. ಶಾಂತಾ ಅವರ ಒಬ್ಬಳೇ ಮಗಳು. ಜೇವರ್ಗಿಗೆ ಕೊಟ್ಟಿದ್ದಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಒಂಬತ್ತು ತುಂಬಿತ್ತು, ನಾನೇ ನೋಡಿಕೊಳ್ಳುತ್ತಿದ್ದೆ. ಹೊಲದ ಬಸಿರು ಹೊಸದು ನನಗೆ. ತೆನೆ ಹಾಲುಗಟ್ಟುವ ಈ ಕಾಲದಲ್ಲಿ ಭೂಮಿಗೆ ಸೀಮಂತ ಮಾಡುತ್ತಾರೆ ಇವರು. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಬಯಕೆಯ ಊಟವನ್ನು ಪೈರಿನ ತುಂಬ ಎರಚಿ ಬರುತ್ತಾರೆ. ಅದೇ ಚರಗ ಚೆಲ್ಲುವುದು. ನಾವು ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವವರು, ಇವರು ನೆಲಕ್ಕೆ ಸೀಮಂತದ ಕುಬಸ ಮಾಡುವವರು. ಅಮಾವಾಸ್ಯೆಗೆ ಇನ್ನು ಎಂಟು ದಿನವಿತ್ತು.

ಸರಿ, ಯೋಜನೆ ಹಾಕತೊಡಗಿದೆ. ಮೊದಲು ಅಫಜಲಪುರದ ಕಚೇರಿಗೆ ಅರ್ಜಿ. ಅಲ್ಲಿಯ ಗುಮಾಸ್ತರು ಕನ್ನಡಕದ ಮೇಲಿಂದ ನನ್ನನ್ನೂ ಅರ್ಜಿಯನ್ನೂ ನೋಡಿದರು. “ಗಾಯರಾಣ ಸರಕಾರದ್ದು, ಹಂದಿ ಅರಣ್ಯ ಇಲಾಖೇದು, ಜ್ವಾಳ ನೀಲಮ್ಮಂದು, ಬಂದೂಕ ನಿಮ್ದು. ಯಾವುದಕ್ಕ ಪರವಾನಗಿ ಬೇಕ್ರಿ ಬಾಯಿ?” ಎಂದರು. ಕಾಡುಪ್ರಾಣಿಗಳ ಹೊಸ ಕಾಯಿದೆ ಬಂದ ಮೇಲೆ ಹೀಗೆಲ್ಲ ಕೇಳಲೇಬೇಕಂತೆ. ಕೊಡವರಿಗೆ ಕೋವಿಗೆ ಲೈಸೆನ್ಸ್ ಬೇಡ ಎಂದು ನಾನು ಹೇಳಿದಾಗ ಇಡೀ ಕಚೇರಿ ಎದ್ದು ಬಂದು ನನ್ನನ್ನು ನೋಡಿತು. ಮೂರು ಸಲ ಬಸ್ಸಿನಲ್ಲಿ ಓಡಾಡಿದ ಮೇಲೆ ಕಾಗದ ಸಿಕ್ಕಿತು. ಬೆಳೆ ಹಾಳುಮಾಡುವ ಒಂದು ಹಂದಿ, ಸರಕಾರಿ ಜಮೀನಿನಲ್ಲಿ ಮಾತ್ರ, ಖಾಸಗಿ ಹೊಲಕ್ಕೆ ಕಾಲಿಡುವುದಾದರೆ ಮಾಲೀಕರ ಒಪ್ಪಿಗೆ ಬೇಕು.

ಹಾಗಾದರೆ ಸರಕಾರದ್ದು ಎಲ್ಲಿ ಮುಗಿಯುತ್ತದೆ, ನೀಲಮ್ಮನವರದು ಎಲ್ಲಿ ಶುರುವಾಗುತ್ತದೆ? ಕಪ್ಪು ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಬಾಂದುಕಲ್ಲುಗಳೆಲ್ಲ ವಾಲಾಡುತ್ತವೆ. ಅದನ್ನು ಬಲ್ಲವರು ಪಕ್ಕದ ಮನೆಯ ಮಹಿಬೂಬ ಚಾಚಾ. ಮೊದಲು ಭೂಮಾಪನದವರ ಜೊತೆ ಸರಪಳಿ ಹಿಡಿದು ಊರೂರು ಅಳೆದವರು. ಮುಂಜಾನೆ ನನ್ನನ್ನು ಕರೆದುಕೊಂಡು ಹೋಗಿ, ಬೇವಿನ ಗಿಡದಿಂದ ಅರ್ಧ ಹೂತ ಕಲ್ಲಿಗೆ, ಕಲ್ಲಿನಿಂದ ಹೊಳೆಯ ಬಂಡೆಗೆ ಕೋಲಿನಲ್ಲಿ ಗೆರೆ ಎಳೆಯುತ್ತ ನಡೆದರು. ಗೆರೆ ಬದುವಿನ ಮೇಲೆಯೇ ಬಂತು. “ಇದರಾಚಿಗಿ ಸರಕಾರ, ಈಚಿಗಿ ನೀಲಮ್ಮಕ್ಕ. ನಾ ಹಂದಿ ಅಂತೂ ಮುಟ್ಟಂಗಿಲ್ರಿ ಬಾಯಿ, ಗೆರಿ ತೋರಸ್ತೇನಿ ಅಷ್ಟ,” ಎಂದು ನಕ್ಕರು.

ನನ್ನ ಲೆಕ್ಕಾಚಾರ ಹೀಗಿತ್ತು. ಬೆಳಕು ಹರಿಯುವಾಗ ಹಂದಿಗಳು ಜೋಳದಿಂದ ಹೊರಟು, ಬದು ದಾಟಿ ಕಂಟಿಗೆ ಮರಳುತ್ತವೆ. ನಾನು ಗಾಯರಾಣದ ಕಲ್ಲಿನ ಹಿಂದೆ ಕೂರಬೇಕು. ದಾಟಿ ಹತ್ತು ಹೆಜ್ಜೆ ಗಾಯರಾಣದೊಳಗೆ ಬಂದ ಮೇಲೆಯೇ ಹೊಡೆಯಬೇಕು. ಒಂದು ವೇಳೆ ಗಾಯವಾಗಿ ಓಡಿದರೆ? ಇಳಿಜಾರು ಹಿಡಿದು ಹೊಳೆಯ ಕಡೆಗೆ ಓಡುತ್ತದೆ. ನಮ್ಮಲ್ಲಿ ಗಾಯದ ಹಂದಿ ಯಾವತ್ತೂ ಇಳಿಜಾರಿಗೇ ಬೀಳುವುದು, ಇದನ್ನು ಐದು ವರ್ಷದ ಮಗುವೂ ಹೇಳೀತು. ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದೆ.

ನಸುಕಿನಲ್ಲಿ ಕಲ್ಲಿನ ಹಿಂದೆ ನಾನು, ಗೆರೆ ಕಾಯಲು ನನ್ನ ಹಿಂದೆ ಚಾಚಾ. ಹಂದಿ ಬಂತು. ಬದು ದಾಟಿತು. ಒಂದು, ಎರಡು, ಹತ್ತು ಹೆಜ್ಜೆ. ಹೊಡೆದೆ. ಗುಂಡು ಒಂದು ಗೇಣು ಹಿಂದಕ್ಕೆ ಬಿತ್ತು, ವರ್ಷದಿಂದ ಕೋವಿ ಹಿಡಿಯದ ಕೈ. ಅದು ಕಿರುಚಿ ಗಿರಕಿ ಹೊಡೆದು, ಇಳಿಜಾರಿನ ಕಡೆಗೆ ತಿರುಗಿಯೂ ನೋಡದೆ, ಬಂದ ದಾರಿಯಲ್ಲೇ ಜೋಳದೊಳಗೆ ನುಗ್ಗಿತು. ಅಯ್ಯೋ, ನಾನೆಂಥ ಮೂರ್ಖಳು! ಕಂಟಿಯ ದಾರಿಗೆ ನಾನೇ ಅಡ್ಡ ಕೂತ ಮೇಲೆ, ಪ್ರಾಣಕ್ಕೆ ಹೆದರಿದ ಜೀವಕ್ಕೆ ಈ ಬಯಲಿನಲ್ಲಿ ಆಳೆತ್ತರದ ಮರೆ ಇರುವುದು ಜೋಳ ಒಂದೇ ಎಂದು ನನಗೆ ಹೊಳೆದಿರಲೇ ಇಲ್ಲ. ಇಲ್ಲಿಯ ಹಂದಿಗೆ ಕೊಡಗಿನ ಇಳಿಜಾರು ಕಟ್ಟಿಕೊಟ್ಟಿದ್ದೆ.

ನಮ್ಮಲ್ಲಾದರೆ ಗಾಯದ ಪ್ರಾಣಿಯ ಹಿಂದೆ ಯಾರ ತೋಟವನ್ನಾದರೂ ನುಗ್ಗುತ್ತೇವೆ, ಯಾರೂ ಕೇಳುವುದಿಲ್ಲ. ನರಳುವ ಪ್ರಾಣಿಯನ್ನು ಬಿಟ್ಟು ಬಂದವನಿಗೆ ಮನೆಯಲ್ಲಿ ಮುಖವಿಲ್ಲ. ನಾನು ಓಡಿಹೋಗಿ ಬದುವಿನ ಮೇಲೆ ಕಾಲಿಟ್ಟಿದ್ದೆ. ಹಿಂದಿನಿಂದ ಚಾಚಾ ಕೂಗಿದರು, “ದಾಟಬ್ಯಾಡ್ರಿ ಬಾಯಿ! ಆಕೀನ ಕೇಳದ ದಾಟಬ್ಯಾಡ್ರಿ! ನಾ ಕರ್ಕೊಂಡು ಬರ್ತೇನಿ.” ಅವರು ಹೊಲ ತುಳಿಯದೆ, ಗಾಯರಾಣ ಸುತ್ತಿ ಊರ ಕಡೆಗೆ ಓಡಿದರು. ನಾನು ನಿಂತೆ. ಇಪ್ಪತ್ತು ಮಾರು ಒಳಗೆ ಜೋಳದ ದಂಟುಗಳು ಅಲುಗುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಅಲುಗುತ್ತಿದ್ದವು. ಅದರ ಉಸಿರು ಕೇಳುತ್ತಿತ್ತು. ಒಂದು ಕಾಲು ಬದುವಿನ ಮೇಲೆ, ಒಂದು ಕೆಳಗೆ. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಅರ್ಧ ತಾಸು ಇನ್ನೊಂದಿಲ್ಲ.

ನೀಲಮ್ಮನವರು ಏದುಸಿರು ಬಿಡುತ್ತ ಬಂದರು. ಜೋಳದ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ಎಟ್ಟೊತ್ತಿಂದ ಒದ್ದಾಡಾಕತ್ತದ ಅದು?”

“ಅರ್ಧ ತಾಸಾಯಿತು, ಅವ್ವಾ. ನೀವು ಬರಲಿ ಎಂದು...”

“ಜೀವ ನೋಯಾಕತ್ತಾಗ ನನ್ನ ದಾರಿ ಕಾಯ್ಕೊಂತ ನಿಂತೀರೇನ್ರಿ! ಕಲ್ಲ ಅದೀರಿ ನೀವು. ಹೋಗ್ರಿ, ಮುಗಸ್ರಿ.”

ಸೆರಗನ್ನು ಮುಖಕ್ಕೆ ಹಿಡಿದು ಹೊಳೆಯ ಕಡೆಗೆ ತಿರುಗಿ ನಿಂತರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಮುಗಿಸಿದೆ. ರಕ್ತ ಬಿತ್ತು, ಹನಿಯಲ್ಲ, ಜೋಳದ ಬುಡಕ್ಕೆಲ್ಲ ಹರಿಯಿತು. ಹಂದಿಯನ್ನು ಬೇಕಾದವರು ಬಂದು ಹೊತ್ತೊಯ್ದರು. ನನಗೂ ಪಾಲು ತಂದರು, ಬೇಡವೆಂದೆ. ವರ್ಷದಿಂದ ಬಾಯಲ್ಲಿ ನೀರೂರಿಸಿಕೊಂಡು ಕಾದವಳಿಗೆ ಅದರ ವಾಸನೆಯೇ ಸೇರಲಿಲ್ಲ.

ಆಮೇಲೆ ನೀಲಮ್ಮನವರು ನನ್ನೊಡನೆ ಮಾತು ಬಿಟ್ಟರು. ಮನೆ ಬಿಡು ಎನ್ನಲಿಲ್ಲ, ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಸಿಟ್ಟು ಯಾವುದಕ್ಕೆ? ರಕ್ತ ಬಿದ್ದದ್ದಕ್ಕೋ, ನಾನು ಅಷ್ಟು ಹೊತ್ತು ಸುಮ್ಮನೆ ನಿಂತದ್ದಕ್ಕೋ? ಕೇಳುವ ಧೈರ್ಯ ಬರಲಿಲ್ಲ. ಶಾಂತಾಳನ್ನು ನೋಡಲು ಹೋದರೆ, “ಮಲಗ್ಯಾಳ” ಎಂದು ಬಾಗಿಲಲ್ಲೇ ತಡೆದರು. ಮರುದಿನವೂ ಮಲಗಿದ್ದಳು. ಹೆರಿಗೆಗೆ ಕಲಬುರಗಿಗೆ ಒಯ್ಯುತ್ತಾರಂತೆ ಎಂದು ಬಾವಿಯ ಹತ್ತಿರ ಯಾರೋ ಅಂದರು. ಆ ಹುಡುಗಿಯ ಹೊಟ್ಟೆಯಲ್ಲಿ ಮಗು ಸ್ವಲ್ಪ ಅಡ್ಡವಿತ್ತು, ಅದು ನನ್ನ ಕೈಗೆ ಮಾತ್ರ ಗೊತ್ತಿತ್ತು. ಏನಾದರೂ ಆಗಿಬಿಟ್ಟರೆ? ಹೊಲದ ರಕ್ತಕ್ಕೂ ಹುಡುಗಿಯ ಹೊಟ್ಟೆಗೂ ಸಂಬಂಧವಿಲ್ಲವೆಂದು ತರಬೇತಿಯಲ್ಲಿ ಕಲಿತವಳು ನಾನು. ಆದರೂ ಹೆದರಿದೆ, ಅವರಷ್ಟೇ ಹೆದರಿದೆ.

ಅಮಾವಾಸ್ಯೆಯ ದಿನ ಇಡೀ ಊರು ಬುತ್ತಿ ಹೊತ್ತು ಹೊಲಗಳಿಗೆ ಹೋಯಿತು. ನನ್ನನ್ನು ಯಾರೂ ಕರೆಯಲಿಲ್ಲ. ಕರೆಯುವ ಹಕ್ಕು ನೀಲಮ್ಮನವರದು ಎಂದು ಎಲ್ಲರಿಗೂ ಗೊತ್ತಿತ್ತು. ಮಾಳಿಗೆ ಹತ್ತಿದೆ, ಇಳಿದೆ. ಕೊನೆಗೆ ತಡೆಯಲಾರದೆ ಗಾಯರಾಣದ ದಾರಿ ಹಿಡಿದು ಹೋಗಿ ಬದುವಿನ ಈಚೆಗೆ ನಿಂತೆ. ಈ ಸಲ ಕಾಲು ಎರಡೂ ಕೆಳಗೇ ಇದ್ದವು.

ನೀಲಮ್ಮನವರು ಜೋಳದ ನಡುವೆ ಒಬ್ಬರೇ ಚರಗ ಚೆಲ್ಲುತ್ತಿದ್ದರು. ಹಂದಿ ಬಿದ್ದ ಜಾಗಕ್ಕೆ ಬಂದಾಗ ನಿಂತರು. ಆ ಜಾಗಕ್ಕೆ ಎರಡು ಸಲ ಎರಚಿದರು, ಮೂರನೆಯ ಸಲವೂ ಎರಚಿದರು. ನನ್ನನ್ನು ನೋಡಿದರು. ಬುಟ್ಟಿ ಎತ್ತಿಕೊಂಡು ಬದುವಿನ ಹತ್ತಿರ ಬಂದರು.

“ಒಳಗ ಬರಬ್ಯಾಡ್ರಿ. ಈ ವರ್ಷ ಬ್ಯಾಡ.”

“ಬರುವುದಿಲ್ಲ, ಅವ್ವಾ.”

ಸಜ್ಜಿ ರೊಟ್ಟಿಯ ಮೇಲೆ ಭಜ್ಜಿ ಹಾಕಿ ಬದುವಿನ ಮೇಲಿಂದ ಕೈ ಚಾಚಿದರು. ಹತ್ತಾರು ಬಗೆಯ ಸೊಪ್ಪು, ಹಸಿಕಾಳು ಕೂಡಿಸಿ ಮಾಡಿದ ಪಲ್ಯ ಅದು, ಈ ಹಬ್ಬಕ್ಕೆ ಮಾತ್ರ. ನಾನು ಸರಕಾರದ ನೆಲದ ಮೇಲೆ ನಿಂತು ತಿಂದೆ, ಅವರು ತಮ್ಮ ನೆಲದ ಮೇಲೆ ಕೂತು ನೋಡುತ್ತಿದ್ದರು. ರುಚಿಯಾಗಿತ್ತು, ಅಳು ಬಂತು.

“ಅಳೂದೇನದ? ಲಗೂ ಉಣ್ರಿ,” ಎಂದರು. “ಉಂಡು ಕೈ ಚಂದಂಗ ತೊಳ್ಕೋರಿ. ಶಾಂತಾಗ ಮುಂಜಾನಿಂದ ನಡಾ ನೋಯಾಕತ್ತದ. ಚಾಚಾನ ಹೇಣ್ತಿ ಕುಂತಾಳ ಹತ್ರ.”

“ಮುಂಜಾನೆಯಿಂದಲೇ ಹೆರಿಗೆ ನೋವೇ? ನನಗೆ ಯಾಕೆ ಹೇಳಲಿಲ್ಲ?”

ಅವರು ತಂಬಿಗೆಯಿಂದ ನನ್ನ ಕೈಗೆ ತಾವೇ ನೀರು ಹಾಕಿದರು, ಬೆರಳ ಸಂದಿಗಳಿಗೆಲ್ಲ ಬೀಳುವಂತೆ.

ಜೋಳದ ನಡುವೆ ಹಾದರೆ ಮನೆ ಐದು ನಿಮಿಷದ ದಾರಿ. ನಾನು ಸೀರೆ ಎತ್ತಿ ಕಟ್ಟಿ, ಗಾಯರಾಣ ಸುತ್ತಿ ಓಡಿದೆ.